ಸರ್ವರ್ ಮಲಗಿತ್ತು ಅಂದ ಹುಡುಗ

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಒಂದು ಇಂಟರ್‌ವ್ಯೂ ಮಾಡಿದೆವು. ಹುಡುಗ ಹಾವೇರಿ ಕಡೆಯವನು. ಮೊದಲ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದ್ದು ದೆಹಲಿಯ ನನ್ನ ಸಹೋದ್ಯೋಗಿ. ಹುಡುಗ ಇಂಗ್ಲಿಷಿನಲ್ಲಿ ಸಲೀಸಾಗಿ ಉತ್ತರ ಕೊಟ್ಟ. ಆಮೇಲೆ ನನ್ನ ಸರದಿ. ನಾನು ಕ್ಯಾಮೆರಾ ಹಾಕಿದೆ. ನನ್ನ ಬೆನ್ನ ಹಿಂದೆ ಯಾವಾಗಲೂ ಹಂಪಿಯ ಕಲ್ಲಿನ ರಥದ ಚಿತ್ರ ಇರುತ್ತದೆ. ಹೆಸರು ಹೇಳಿದೆ, ನಮ್ಮೂರು ತಿಪಟೂರು ಅಂದೆ. ಅವನ ಮುಖ ಅರಳಿತು. ಅಲ್ಲಿಂದಲೇ ಅವನ ಇಂಗ್ಲಿಷ್ ತಡವರಿಸೋಕೆ ಶುರುವಾಯಿತು.

ಹಳೆಯ ಕೆಲಸದಲ್ಲಿ ಎದುರಾದ ಒಂದು ದೊಡ್ಡ ತೊಂದರೆ ಹೇಳಿ ಅಂತ ಕೇಳಿದೆ. "ಸರ್, ದಟ್ ನೈಟ್ ಸರ್ವರ್ ಸ್ಲೆಪ್ಟ್" ಅಂದ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡು ಸುಮ್ಮನಾದ. ಸರ್ವರ್ ಕೆಟ್ಟು ನಿಂತರೆ ಮಲಗಿಬಿಡ್ತು ಅಂತ ನಾವು ದಿನಾ ಹೇಳ್ತೀವಲ್ಲ, ಅದೇ ಮಾತು. ನನಗೆ ತಕ್ಷಣ ಗೊತ್ತಾಯಿತು. ಸಹೋದ್ಯೋಗಿಗೆ ಗೊತ್ತಾಗಲಿಲ್ಲ. ಕೊನೆಯಲ್ಲಿ ಅವರು ಬರೆದದ್ದು 'ಕಮ್ಯುನಿಕೇಶನ್ ವೀಕ್' ಅಂತ.

ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕಂದರೆ ಇದು ನನಗೇ ಆಗಿದೆ. ತಂಗಿ ಮದುವೆಯಲ್ಲಿ ಮದುಮಗನ ಆಫೀಸಿನಿಂದ ಒಬ್ಬರು ಅಮೆರಿಕದವರು ಬಂದಿದ್ದರು. ನಮ್ಮ ಚಿಕ್ಕಪ್ಪ ನನ್ನನ್ನು ಅವರ ಪಕ್ಕ ಕೂರಿಸಿ, "ಎಲ್ಲಾ ಬಿಡಿಸಿ ಹೇಳಪ್ಪಾ" ಅಂದರು. ವಾಲಗದ ಸದ್ದು, ಚಪ್ಪರ, ಸುತ್ತ ನಮ್ಮ ಜನ. ಧಾರೆ ಎರೆಯೋದನ್ನ ಇಂಗ್ಲಿಷಿನಲ್ಲಿ ಹೇಳೋದು ಕಷ್ಟ, ಅದು ಬಿಡಿ. ಅವರು ಬೆಂಗಳೂರಿಂದ ಹೇಗೆ ಬಂದಿರಿ ಅಂತ ಕೇಳಿದಾಗಲೂ ಮಾತು ಕಟ್ಟಿತು. ವಾರಕ್ಕೆ ನಾಲ್ಕು ದಿನ ಅಂಥವರ ಜೊತೆಯೇ ಗಂಟೆಗಟ್ಟಲೆ ಮಾತಾಡುವವನು ನಾನು. "ಇಷ್ಟು ವರ್ಷ ಕಂಪನಿಯಲ್ಲಿದ್ದೂ ಇಷ್ಟೇನಾ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಇನ್ನೂ ನೆನಪಿದೆ.

ಇದಕ್ಕೆ ಕಾರಣ ಹುಡುಕಿ ನೋಡಿದವರಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಶು ಝಾಂಗ್, ಮೈಕಲ್ ಮಾರಿಸ್ ಮತ್ತು ಜೊತೆಗಾರರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೀನಾದಿಂದ ಅಮೆರಿಕಕ್ಕೆ ಬಂದವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದರು. ಎದುರಿಗೆ ಚೀನೀ ಮುಖ ಇದ್ದರೆ ಇಂಗ್ಲಿಷಿನ ಓಟ ಕಡಿಮೆಯಾಯಿತು, ಬಿಳಿಯರ ಮುಖ ಇದ್ದರೆ ಸಲೀಸಾಗಿತ್ತು. ಮುಖವೇ ಬೇಕಿಲ್ಲ, ಚೀನಾದ ಗುರುತು ಹೇಳುವ ಚಿತ್ರಗಳನ್ನು ತೋರಿಸಿದರೂ ಹಾಗೇ ಆಯಿತು. ಅದೂ ಚೀನಾಕ್ಕೆ ಸಂಬಂಧವೇ ಇಲ್ಲದ ವಿಷಯ ಮಾತಾಡುವಾಗಲೂ. ಜೊತೆಗೆ ಪದಕ್ಕೆ ಪದ ಇಟ್ಟ ಅನುವಾದಗಳು ಜಾಸ್ತಿ ನುಸುಳಿದವು. ಪಿಸ್ತಾಕ್ಕೆ ಚೀನೀ ಭಾಷೆಯಲ್ಲಿರೋ ಹೆಸರು ಖುಷಿಯ ಕಾಯಿ ಅನ್ನೋ ಅರ್ಥದ್ದು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ಹ್ಯಾಪಿ ನಟ್' ಅನ್ನೋ ಥರ. ನಮ್ಮ ಹುಡುಗನ 'ಸರ್ವರ್ ಸ್ಲೆಪ್ಟ್' ಇದೇ ಅಲ್ವಾ?

ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ಎಚ್ಚರವಾಗಿಯೇ ಇರುತ್ತವೆ. ಒಂದನ್ನು ಆಡಬೇಕಾದರೆ ಇನ್ನೊಂದನ್ನು ಸ್ವಲ್ಪ ಅದುಮಿ ಇಡಬೇಕು. ನಮ್ಮವರ ಮುಖ ಕಂಡರೆ, ನಮ್ಮೂರ ಗುರುತು ಕಂಡರೆ ಮನೆಮಾತು ತಾನಾಗಿ ಮುಂದೆ ಬಂದು ನಿಲ್ಲುತ್ತದೆ.

ಆ ಅಧ್ಯಯನದಲ್ಲಿ ನನ್ನನ್ನು ತುಂಬಾ ಕಾಡಿದ್ದು ಬೇರೆ ಮಾತು. ಚೀನೀ ಮುಖದ ಎದುರು ಇಂಗ್ಲಿಷ್ ಎಡವಿದ ಅದೇ ಜನಕ್ಕೆ ಆಗ ಮನಸ್ಸು ಹೆಚ್ಚು ಹಗುರವಾಗಿತ್ತು. ಮಾತು ತಡವರಿಸಿದ್ದು ಭಯದಿಂದಲ್ಲ. ನಾವು ಮಾತ್ರ ಇಂಥದ್ದು ಕಂಡ ಕೂಡಲೇ ಹೆದರಿಕೊಂಡ, ಕಾನ್ಫಿಡೆನ್ಸ್ ಇಲ್ಲ ಅಂತ ಬರೆದುಬಿಡುತ್ತೇವೆ. ಹಾವೇರಿಯ ಹುಡುಗ ನನ್ನನ್ನು ನೋಡಿ ಹೆದರಿರಲಿಲ್ಲ. ಅವನಿಗೆ ಖುಷಿಯಾಗಿತ್ತು. ಆ ಖುಷಿಗೆ ನಾವು ಅಂಕ ಕಳೆದೆವು. ಇದು ತಪ್ಪು ಅಂತ ನನಗೆ ಖಂಡಿತ ಅನ್ನಿಸುತ್ತದೆ.

ನಮ್ಮೂರಿನ ಇಂಗ್ಲಿಷ್ ಕ್ಲಾಸುಗಳನ್ನೇ ನೆನೆಸಿಕೊಳ್ಳಿ. ಮೇಷ್ಟ್ರು ನಮ್ಮವರು, ಪಕ್ಕದ ಬೆಂಚಿನವರು ನಮ್ಮವರು, ಕಿಟಕಿಯಾಚೆ ನಮ್ಮದೇ ಬಸ್‌ಸ್ಟ್ಯಾಂಡು. ಅಲ್ಲಿ ಎದ್ದು ನಿಂತು ತಡವರಿಸಿದ ಮಗುವಿಗೆ 'ನಿನಗೆ ಇಂಗ್ಲಿಷ್ ಬರಲ್ಲ' ಅಂದರೆ ಅದು ನಂಬಿಬಿಡುತ್ತದೆ. ಎಷ್ಟೋ ಜನ ಇವತ್ತಿಗೂ ನಂಬಿಕೊಂಡಿದ್ದಾರೆ.

ಕನ್ನಡದ ವಿಷಯದಲ್ಲೂ ಹೀಗೇ. ನನ್ನ ಅಕ್ಕನ ಮಗಳು ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅವಳಿಗೆ ಕನ್ನಡ ಎರಡನೇ ಭಾಷೆ. ಅಲ್ಲಿ ತನ್ನ ರೂಮಿನಲ್ಲಿ ಕೂತು ಫೋನಿನಲ್ಲಿ ಮಾತಾಡುವಾಗ "ಹೂಂ", "ಚೆನ್ನಾಗಿದೀನಿ" ಬಿಟ್ಟು ಮೂರನೇ ಮಾತಿಲ್ಲ. ಮಗುಗೆ ಕನ್ನಡ ಕಲಿಸಿಲ್ಲ ಅಂತ ಎಲ್ಲರೂ ಅಕ್ಕನನ್ನು ಬೈಯುವವರೇ. ಹೋದ ಬೇಸಿಗೆಯಲ್ಲಿ ಊರಿಗೆ ಬಂದಳು. ನಾಲ್ಕನೇ ದಿನ ತೋಟದಲ್ಲಿ, "ಅಜ್ಜಿ, ನಂಗೆ ಆ ಗಂಜಿ ಇರೋ ಎಳನೀರೇ ಬೇಕು" ಅಂದಳು. ಗಂಜಿ ಅನ್ನೋ ಪದ ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ನಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ರಥದ ಚಿತ್ರ ತೆಗೆಯಬೇಕಾ ಅಂತ ಯೋಚಿಸಿದೆ. ತೆಗೆಯಲಿಲ್ಲ. ಸಹೋದ್ಯೋಗಿಗೆ 'ಸರ್ವರ್ ಮಲಗೋದು' ಅಂದರೆ ಏನು ಅಂತ ವಿವರಿಸಿ ಒಂದು ಉದ್ದದ ಮೇಲ್ ಬರೆದೆ. ಅವರು ಪೂರ್ತಿ ಓದಿದರು, ಇನ್ನೊಂದು ಸುತ್ತು ಕರೆಯೋಣ ಅಂದರು. ಅದು ಈ ಗುರುವಾರ ಇದೆ. ಮೊದಲ ಹತ್ತು ನಿಮಿಷ ಕನ್ನಡದಲ್ಲೇ ಮಾತಾಡೋಣ ಅಂತ ಹುಡುಗನಿಗೆ ಫೋನ್ ಮಾಡಿ ಹೇಳಿದ್ದೇನೆ. ಆ ರಾತ್ರಿ ಸರ್ವರ್ ಯಾಕೆ ಮಲಗಿತು, ಇವನು ಅದನ್ನು ಹೇಗೆ ಎಬ್ಬಿಸಿದ ಅನ್ನೋದನ್ನ ನಾನಿನ್ನೂ ಕೇಳಿಲ್ಲ.