ಒಂದು ಹಂದಿ, ಐದು ಯುದ್ಧನೌಕೆ

ಇತಿಹಾಸದ ಪುಸ್ತಕಗಳಲ್ಲಿ ನನಗೆ ಮೊದಲಿನಿಂದಲೂ ಅಡಿಟಿಪ್ಪಣಿಗಳ ಮೇಲೆಯೇ ಒಲವು. ಮೇಲೆ ಸಾಮ್ರಾಜ್ಯಗಳು ಗಾಂಭೀರ್ಯದಿಂದ ಏಳುತ್ತ ಬೀಳುತ್ತ ಇರುವಾಗ, ಪುಟದ ತಳದ ಸಣ್ಣಕ್ಷರಗಳಲ್ಲಿ ಒಂದು ಹಂದಿ ಯಾರದೋ ಆಲೂಗಡ್ಡೆಯನ್ನು ಅಗೆದು ತಿನ್ನುತ್ತಿರುತ್ತದೆ.

ಆ ಹಂದಿ ಕಲ್ಪನೆಯದಲ್ಲ. ತಮ್ಮ ನಡುವಿನ ಗಡಿಯು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪವನ್ನು ಭೂಖಂಡದಿಂದ ಬೇರ್ಪಡಿಸುವ ಜಲಮಾರ್ಗದ ನಡುವೆ ಹಾದುಹೋಗುತ್ತದೆಂದು ಅಮೆರಿಕ ಮತ್ತು ಬ್ರಿಟನ್ 1846ರಲ್ಲಿ ಒಪ್ಪಂದ ಮಾಡಿಕೊಂಡವು. ಅಲ್ಲಿ ಜಲಮಾರ್ಗ ಒಂದಲ್ಲ, ಎರಡಿವೆ ಎಂಬುದನ್ನು ಮಾತ್ರ ಗಮನಿಸಲಿಲ್ಲ. ನಡುವೆ ಸಿಕ್ಕಿಬಿದ್ದ ಸ್ಯಾನ್ ಹುವಾನ್ ದ್ವೀಪವನ್ನು ಇಬ್ಬರೂ ತಮ್ಮದೆಂದರು. 1859ರ ಜೂನ್ 15ರಂದು ಲೈಮನ್ ಕಟ್ಲರ್ ಎಂಬ ಅಮೆರಿಕದ ವಲಸಿಗ ತನ್ನ ತೋಟಕ್ಕೆ ನುಗ್ಗಿದ ಹಂದಿಯೊಂದಕ್ಕೆ ಗುಂಡಿಕ್ಕಿದ. ಹಂದಿಯ ಒಡೆತನ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿಯದು. ಪರಿಹಾರದ ಮಾತು ಮುರಿದುಬಿದ್ದಿತು, ಅಮೆರಿಕದ ಸೈನಿಕರು ಬಂದಿಳಿದರು, ಆಗಸ್ಟ್ ತಿಂಗಳಿಗೆ ದಡದಲ್ಲಿ 461 ಮಂದಿ ಅಮೆರಿಕನ್ನರೂ ಎದುರಿನ ನೀರಿನಲ್ಲಿ ಐದು ಬ್ರಿಟಿಷ್ ಯುದ್ಧನೌಕೆಗಳೂ ನಿಂತವು. ಹಂದಿಯ ಜಗಳಕ್ಕಾಗಿ ಎರಡು ಮಹಾನ್ ರಾಷ್ಟ್ರಗಳನ್ನು ಯುದ್ಧಕ್ಕೆ ಎಳೆಯಲಾರೆನೆಂದು ಬ್ರಿಟಿಷ್ ಅಡ್ಮಿರಲ್ ಬೇನ್ಸ್ ಹಿಂದೆ ಸರಿದದ್ದರಿಂದ, ಆ ಹಂದಿಯ ಹೊರತು ಯಾರ ಜೀವವೂ ಹೋಗಲಿಲ್ಲ. ಆದರೂ ಎರಡೂ ಕಡೆಯ ಪಡೆಗಳು ದ್ವೀಪದ ಎರಡು ತುದಿಗಳಲ್ಲಿ ಹನ್ನೆರಡು ವರ್ಷ ಬಿಡಾರ ಹೂಡಿ, ಪರಸ್ಪರರ ಹಬ್ಬಗಳಿಗೆ ಹೋಗಿಬರುತ್ತ ಕಾಲ ಕಳೆದವು. 1872ರಲ್ಲಿ ಜರ್ಮನಿಯ ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ಮಧ್ಯಸ್ಥಿಕೆ ವಹಿಸಿ ದ್ವೀಪ ಅಮೆರಿಕಕ್ಕೆ ಸೇರಬೇಕೆಂದು ತೀರ್ಪಿತ್ತ.

ಇಲ್ಲಿ ನನಗೆ ನಗು ತರಿಸುವುದು ಹಂದಿಯಲ್ಲ; ಅದು ತನ್ನ ಸ್ವಭಾವಕ್ಕೆ ತಕ್ಕಂತೆಯೇ ನಡೆದುಕೊಂಡಿತು. ನಗು ಬರುವುದು ಅದರ ಸುತ್ತ ಬೆಳೆದ ಸರಕಾರಿ ಗಾಂಭೀರ್ಯವನ್ನು ಕಂಡು. 1518ರ ಬೇಸಗೆಯಲ್ಲಿ ಸ್ಟ್ರಾಸ್‌ಬರ್ಗ್ ನಗರದ ಹೆಂಗಸೊಬ್ಬಳು ಬೀದಿಯಲ್ಲಿ ಕುಣಿಯತೊಡಗಿ, ನೂರಾರು ಜನರು ನಿಲ್ಲಿಸಲಾಗದೆ ಅವಳೊಂದಿಗೆ ಕುಣಿದರಂತೆ. ವೈದ್ಯರು ಇದನ್ನು ರಕ್ತದ ಕಾವೆಂದು ನಿರ್ಣಯಿಸಿದ್ದರಿಂದ, ಕುಣಿದೇ ಗುಣವಾಗಲೆಂದು ನಗರಸಭೆ ವೇದಿಕೆ ಕಟ್ಟಿಸಿ, ವಾದ್ಯಗಾರರನ್ನೂ ಕರೆಸಿತು. ರೋಗ ಇನ್ನಷ್ಟು ಹಬ್ಬಿದಾಗ ಅದೇ ಸಭೆ ವಾದ್ಯಗಳನ್ನು ನಿಷೇಧಿಸಿ, ರೋಗಿಗಳನ್ನು ಸಂತ ವೀಟಸ್‌ನ ಗುಡಿಗೆ ಕಳುಹಿಸಿತು; ಅಲ್ಲಿ ಅವರ ಕಾಲಿಗೆ ಕೆಂಪು ಪಾದರಕ್ಷೆಗಳನ್ನು ತೊಡಿಸಲಾಯಿತು. ಆ ಪಾದರಕ್ಷೆಗಳ ಖರ್ಚನ್ನು ಯಾವನೋ ಗುಮಾಸ್ತ ಒಂದು ಲೆಕ್ಕದ ಪುಸ್ತಕದಲ್ಲಿ ಮುಖ ಗಂಟಿಕ್ಕಿಕೊಂಡು ಬರೆದಿರಬೇಕೆಂದು ಊಹಿಸುವುದು ನನಗೆ ಬಹಳ ಪ್ರಿಯ.

1932ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಹೊಲಗಳಿಗೆ ನುಗ್ಗಿದ ಎಮು ಪಕ್ಷಿಗಳ ಮೇಲೆ ಎರಡು ಲೂಯಿಸ್ ಮೆಷಿನ್‌ಗನ್‌ಗಳೊಂದಿಗೆ ಸೇನೆ ಹೊರಟದ್ದೂ, ಪಕ್ಷಿಗಳು ಚದುರಿ ಓಡಿ ಸೇನೆಯನ್ನು ಸುಸ್ತುಪಡಿಸಿದ್ದೂ ಇದೇ ಜಾತಿಯ ಪ್ರಸಂಗ. ಆದರೆ ಗಾಂಭೀರ್ಯದಲ್ಲಿ ರೋಮ್ ನಗರವನ್ನು ಮೀರಿಸಿದವರಿಲ್ಲ. 897ರಲ್ಲಿ ಪೋಪ್ ಆರನೆಯ ಸ್ಟೀಫನ್, ತಿಂಗಳುಗಳ ಹಿಂದೆ ಸತ್ತಿದ್ದ ಪೋಪ್ ಫಾರ್ಮೋಸಸ್‌ನ ಶವವನ್ನು ಹೊರತೆಗೆಸಿ, ಪೀಠಾಧಿಪತಿಯ ಉಡುಪು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ನಡೆಸಿದ. ಆರೋಪಿಗೆ ಅನ್ಯಾಯವಾಗಬಾರದಲ್ಲ! ಅವನ ಪರವಾಗಿ ಉತ್ತರಿಸಲು ಒಬ್ಬ ಕಿರಿಯ ಪಾದ್ರಿಯನ್ನೂ ನೇಮಿಸಲಾಗಿತ್ತು. ಅಪರಾಧ ಸಾಬೀತಾಗಿ, ಆಶೀರ್ವದಿಸುತ್ತಿದ್ದ ಮೂರು ಬೆರಳುಗಳನ್ನು ಕತ್ತರಿಸಿ, ಕೊನೆಗೆ ಶವವನ್ನು ಟೈಬರ್ ನದಿಗೆ ಎಸೆದರು. ಮುಂದೆ ಬಂದ ಪೋಪ್‌ಗಳು ಆ ತೀರ್ಪನ್ನು ರದ್ದುಪಡಿಸಿದ್ದಷ್ಟೇ ಅಲ್ಲದೆ, ಇನ್ನು ಮೇಲೆ ಸತ್ತವರನ್ನು ವಿಚಾರಣೆಗೆ ಕರೆಯಕೂಡದೆಂದು ಸಭೆ ಸೇರಿಸಿ ನಿಯಮವನ್ನೇ ಮಾಡಬೇಕಾಯಿತು.