ಪಿಒಇ ಪೋರ್ಟ್‌ನಿಂದ ಲ್ಯಾಪ್‌ಟಾಪ್ ಸುಡುತ್ತದೆಯೇ? ಒಂದು ಸ್ಪಷ್ಟನೆ

ಪಿಒಇ (ಪವರ್ ಓವರ್ ಈಥರ್ನೆಟ್) ಎಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಡೇಟಾ ಜೊತೆ ವಿದ್ಯುತ್ತನ್ನೂ ಕಳಿಸುವ ವ್ಯವಸ್ಥೆ; ಮ್ಯಾನೇಜ್ಡ್ ಸ್ವಿಚ್ ಎಂದರೆ ಪ್ರತಿ ಪೋರ್ಟ್‌ನ ಸೆಟ್ಟಿಂಗ್ ಬದಲಿಸಬಹುದಾದ ನೆಟ್‌ವರ್ಕ್ ಸ್ವಿಚ್. ‘ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಪಿಒಇ ಆನ್ ಇರುವ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಎಲ್ಲ ಪೋರ್ಟ್‌ಗಳಲ್ಲೂ ಆಫ್ ಮಾಡಿಡಿ’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಆಫ್ ಮಾಡಿದರೆ ಪಿಒಇಯಿಂದಲೇ ವಿದ್ಯುತ್ ಪಡೆಯುವ ಕ್ಯಾಮೆರಾ, ಐಪಿ ಫೋನ್‌ಗಳು ಒಮ್ಮೆಲೇ ನಿಂತುಹೋಗುತ್ತವೆ.

ಐಇಇಇ 802.3ರ ಪಿಒಇ ಮಾನದಂಡ ಪಾಲಿಸುವ ಸ್ವಿಚ್ ಕೇಬಲ್ ಸಿಕ್ಕಿಸಿದ ಕೂಡಲೇ ಪೂರ್ಣ ವಿದ್ಯುತ್ ಹರಿಸುವುದಿಲ್ಲ. ಮೊದಲು ಸುಮಾರು 10 ವೋಲ್ಟ್‌ನೊಳಗಿನ ಒತ್ತಡ ಕೊಟ್ಟು, ಕೇಬಲ್‌ನ ಇನ್ನೊಂದು ತುದಿಯಲ್ಲಿ 25 ಕಿಲೋಓಮ್ ಆಸುಪಾಸಿನ ರೋಧ ಇದೆಯೇ ಎಂದು ನೋಡುತ್ತದೆ. ಅದು ಪಿಒಇ ಸಾಧನದ ಗುರುತು. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಆ ಗುರುತು ಇಲ್ಲ, ಹಾಗಾಗಿ ಅದಕ್ಕೆ ಡೇಟಾ ಮಾತ್ರ ಸಿಗುತ್ತದೆ.

ನಿಜವಾದ ಅಪಾಯ ಪ್ಯಾಸಿವ್ ಪಿಒಇಯದು. ಅದು ಏನನ್ನೂ ವಿಚಾರಿಸದೆ ವಿದ್ಯುತ್ ಹರಿಸುತ್ತದೆ. ಕೆಲವು ಸ್ವಿಚ್‌ಗಳ ಪೋರ್ಟ್ ಸೆಟ್ಟಿಂಗ್‌ನಲ್ಲಿ ‘24 ವೋಲ್ಟ್ ಪ್ಯಾಸಿವ್’ ಆಯ್ಕೆ ಇರುತ್ತದೆ. ಅದನ್ನು ದಯವಿಟ್ಟು ಎಚ್ಚರದಿಂದ ಬಳಸಿ.

ಇನ್ನು ಗಮನ ಕೊಡಬೇಕಾದದ್ದು ಒಟ್ಟು ವಿದ್ಯುತ್ ಬಜೆಟ್‌ಗೆ, ಅಂದರೆ ಸ್ವಿಚ್ ಎಲ್ಲ ಪೋರ್ಟ್‌ಗಳಿಗೂ ಸೇರಿ ಕೊಡಬಲ್ಲ ವಿದ್ಯುತ್ತಿಗೆ. 24 ಪೋರ್ಟ್‌ಗಳಿಗೂ ತಲಾ 30 ವ್ಯಾಟ್ ಎಂದರೆ 720 ವ್ಯಾಟ್. ಸ್ವಿಚ್‌ನ ಬಜೆಟ್ 370 ವ್ಯಾಟ್ ಆಗಿದ್ದರೆ 12 ಪೋರ್ಟ್‌ಗಳಿಗಷ್ಟೇ ಪೂರ್ತಿ ಸಾಕು. ಆದ್ದರಿಂದ ಮುಖ್ಯ ಕ್ಯಾಮೆರಾಗಳ ಪೋರ್ಟ್‌ಗಳಿಗೆ ಹೆಚ್ಚಿನ ಆದ್ಯತೆ ಕೊಡಿ.