ಸುಳಿ ಎಳೆಯುವ ವೈದ್ಯರು

ಮನೆಗೆ ಬಂದವರು ಈಗೀಗ ನಮ್ಮ ಯೋಗಕ್ಷೇಮ ವಿಚಾರಿಸುವುದಿಲ್ಲ. ನೇರವಾಗಿ ಹೊಸದಾಗಿ ನೆಟ್ಟ ಪಾಮ್ ಗಿಡದ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, "ನೀರು ಜಾಸ್ತಿಯಾಗಿದೆ" ಎಂದು ತೀರ್ಪು ಕೊಡುತ್ತಾರೆ. ಅವರ ಬೆನ್ನಿಗೇ ಬಂದವರು "ನೀರು ಸಾಲದು" ಎನ್ನುತ್ತಾರೆ. ಇಬ್ಬರೂ ನೋಡಿದ್ದು ಅದೇ ಹಳದಿ ಗರಿಯನ್ನು. ಬುಡದ ಮಣ್ಣಿಗೆ ಬೆರಳು ಹಾಕಿ ತೇವ ನೋಡುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ, ಕೈ ಕೊಳೆಯಾಗುತ್ತದಲ್ಲ!

ಬೇಸರದ ವಿಷಯವೆಂದರೆ ಯಾರನ್ನೂ ತಪ್ಪೆನ್ನುವ ಹಾಗಿಲ್ಲ. ನೀರು ನಿಂತು ಕೊಳೆತ ಬೇರೂ ನೀರು ಹೀರಲಾರದು, ಆದ್ದರಿಂದ ಗರಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಬಾಡುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಹಳದಿಯಾಗಿರುವುದು ಯಾವ ಗರಿ? ಕೆಳಗಿನ ಮುದಿ ಗರಿಯಾದರೆ, ಗಿಡ ಪೊಟ್ಯಾಷಿಯಂ ಸಾಲದೆ ಅದರಲ್ಲಿದ್ದದ್ದನ್ನೇ ಬಸಿದು ಎಳೆಯ ಗರಿಗೆ ಉಣಿಸುತ್ತಿರಬಹುದು. ಎಳೆಯ ಗರಿಯೇ ಬಿಳಿಚಿಕೊಂಡರೆ ಗಿಡವನ್ನು ತೀರಾ ಆಳಕ್ಕೆ ನೆಟ್ಟಿರಬಹುದು. ಉಸಿರುಕಟ್ಟಿದ ಬೇರಿಗೆ ಕಬ್ಬಿಣಾಂಶ ದಕ್ಕುವುದಿಲ್ಲ. ಇದನ್ನೆಲ್ಲ ಕೇಳುವ ತಾಳ್ಮೆ ಯಾರಿಗಿದೆ? "ಹಳದಿ ಗರಿ ನೋಡಲು ಚೆನ್ನಾಗಿಲ್ಲ, ಕತ್ತರಿಸಿಬಿಡಿ" ಎನ್ನುತ್ತಾರೆ. ಹಸಿದ ಗಿಡದ ಕೊನೆಯ ಬುತ್ತಿಯನ್ನೂ ಕಿತ್ತುಕೊಂಡು ಚೆಂದ ನೋಡಬೇಕಂತೆ.

ಇವರನ್ನಾದರೂ ಸಹಿಸಬಹುದು, ಮಾತಿನಲ್ಲೇ ಮುಗಿಸುತ್ತಾರೆ. ನಮ್ಮ ಭಾವನವರದು ಕೈ ವೈದ್ಯ. ಸುಳಿ, ಅಂದರೆ ನೆತ್ತಿಯಲ್ಲಿ ಇನ್ನೂ ಬಿಚ್ಚಿಕೊಳ್ಳದ ಎಳೆ ಗರಿ, ಕೊಳೆತಿದ್ದರೆ ಎಳೆದೊಡನೆ ಕಿತ್ತು ಬರುತ್ತದೆಂದು ಅವರಿಗೆ ಯಾರೋ ಹೇಳಿದ್ದಾರೆ. ಹೇಳಿದ್ದು ನಿಜವೇ. ಒಂಟಿ ಕಾಂಡದ ಪಾಮ್‌ಗೆ ಬೆಳೆಯುವ ಮೊಗ್ಗು ಒಂದೇ, ಅದು ಕೊಳೆತರೆ ಗಿಡದ ಕಥೆ ಮುಗಿಯಿತು. ಆಗ ಸುಳಿ ಸಲೀಸಾಗಿ ಕೈಗೆ ಬರುತ್ತದೆ, ಬುಡ ಕಂದಾಗಿ ನಾರುತ್ತಿರುತ್ತದೆ. ಆದರೆ ಮೆಲ್ಲಗೆ ಒಮ್ಮೆ ಎಳೆದು ನೋಡುವುದು ಪರೀಕ್ಷೆ, ಬಂದಾಗಲೆಲ್ಲ ಜಗ್ಗುವುದು ಯಾವ ಚಿಕಿತ್ಸೆ? ಭಾವನವರು ಚಪ್ಪಲಿ ಬಿಡುವ ಮೊದಲೇ ಸುಳಿ ಹಿಡಿಯುತ್ತಾರೆ. ಎಳೆಯುತ್ತಾರೆ. ಬರದಿದ್ದರೆ ಸಂತೋಷಪಡುವ ಬದಲು, ಕಾಲು ಅಗಲಿಸಿ ನಿಂತು ಇನ್ನೊಮ್ಮೆ ಎಳೆಯುತ್ತಾರೆ. ಬೆರಳು ಮೂಸುತ್ತಾರೆ. "ಸದ್ಯಕ್ಕೆ ಗಟ್ಟಿಯಾಗಿದೆ" ಎನ್ನುವಾಗ ಆ "ಸದ್ಯಕ್ಕೆ" ಎಂಬುದರ ಮೇಲೆ ಒತ್ತು ಬೇರೆ. ಹೋಗುವಾಗ ಮತ್ತೊಮ್ಮೆ ಎಳೆಯುತ್ತಾರೆ, ನಾವು ಕಾಫಿ ಕುಡಿಯುವಷ್ಟರಲ್ಲಿ ರೋಗ ಉಲ್ಬಣಿಸಿರಬಹುದಲ್ಲವೇ.

"ಭಾವ, ಬೇರು ಕಚ್ಚಿಕೊಳ್ಳುವ ತನಕ ಗಿಡ ಅಲುಗಾಡಬಾರದು. ಕಿತ್ತು ನೆಡುವಾಗ ತುಂಡಾದ ಬೇರುಗಳಲ್ಲಿ ಎಷ್ಟೋ ಸತ್ತಿರುತ್ತವೆ. ಕಾಂಡದ ಬುಡದಿಂದ ಹೊಸ ಬೇರು ಹೊರಡಬೇಕು" ಎಂದೆ.

"ಅದಕ್ಕೇ ನೋಡಿ, ಪರೀಕ್ಷೆ ತಪ್ಪಿಸಬಾರದು" ಎಂದರು.

ಆಸರೆಗೆ ಕಟ್ಟಿದ ಗೂಟಗಳನ್ನೂ ಅವರು ಬಿಡಲಿಲ್ಲ. ಕಾಂಡಕ್ಕೇ ಮೊಳೆ ಹೊಡೆದರೆ ಇನ್ನೂ ಭದ್ರವಂತೆ! ಪಾಮ್ ಕಾಂಡದ ಗಾಯ ಮಾಯುವುದಿಲ್ಲ, ತೂತು ಕೊನೆಯವರೆಗೂ ತೂತೇ ಎಂದು ವಿವರಿಸಿ, ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿದ್ದೇನೆ.

ಜಗತ್ತಿನಲ್ಲಿ ಪಾಮ್ ಜಾತಿಗಳು 2,500ಕ್ಕೂ ಹೆಚ್ಚು, ಒಂದೊಂದರ ಹಟವೂ ಒಂದೊಂದು ಬಗೆ. ನಮ್ಮದಕ್ಕೆ ಆಗಿರುವುದು ಹಸಿವೋ, ಜಾಗ ಬದಲಾದ ಆಘಾತವೋ, ನೆರಳಿನಲ್ಲಿ ಬೆಳೆದದ್ದನ್ನು ಬಿಸಿಲಿಗೆ ತಂದು ನಿಲ್ಲಿಸಿದ ಸಿಟ್ಟೋ, ಇನ್ನೂ ಇತ್ಯರ್ಥವಾಗಿಲ್ಲ. ಬಂದವರ ಅಭಿಪ್ರಾಯಗಳನ್ನು ಕೂಡಿಸಿ ನೋಡಿದರೆ ಮೂರೂ ಇವೆ, ಜೊತೆಗೆ ದೃಷ್ಟಿಯೂ ತಗುಲಿದೆ.

ಕೊನೆಗೆ ಒಂದು ಉಪಾಯ ಮಾಡಿದೆ. ಸುಳಿಗೂ ಅದಕ್ಕೆ ತಾಗಿಕೊಂಡ ಗರಿಯ ದಂಟಿಗೂ ಸೇರಿಸಿ ಪೆನ್ನಿನಿಂದ ಅಡ್ಡಗೆರೆ ಎಳೆದಿಟ್ಟೆ. ಸುಳಿ ಬೆಳೆದರೆ ಅದರ ಮೇಲಿನ ಗೆರೆ ಜೋಡಿಯನ್ನು ಬಿಟ್ಟು ಮೇಲೇರಬೇಕು. ಏರಿತು, ಒಂದು ಬೆರಳಿನ ಅಗಲ. ಇನ್ನು ಜಗ್ಗುವ ಅಗತ್ಯವಿಲ್ಲವೆಂದು ಭಾವನವರನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ, ಬಗ್ಗಿ, ಗೆರೆಗಳ ನಡುವೆ ಉಗುರಿಟ್ಟು ಅಳೆದರು.

"ಮತ್ತೆ? ಅಷ್ಟು ಎಳೆದರೆ ಉದ್ದವಾಗದೆ ಇರುತ್ತದೆಯೇ?" ಎಂದರು.